ಓನರ್ ಆಂಟಿ ಕದ್ದ ಚಪ್ಪಲಿ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆ, ಒಣ ಗೋಣಿಚೀಲ, ಹಳೆಯ ಚರ್ಮ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ವಿದ್ಯಾರಣ್ಯಪುರದ ಆ ಮನೆಯ ಅಂಕಲ್ ಹೋದ ವಾರ ಮೆಸೇಜ್ ಕಳಿಸಿದ್ದರು. ಆಂಟಿಯ ಟ್ರಂಕ್ ಖಾಲಿ ಮಾಡಬೇಕು, ನಿನಗೆ ಬೇಕಾದದ್ದೇನಾದರೂ ಇದ್ದರೆ ಬಂದು ತೆಗೆದುಕೋ ಎಂದು. ಭಾನುವಾರ ಬೆಳಿಗ್ಗೆ ಯಲಹಂಕದಿಂದ ಹೋದೆ. ಕಾರು ಇಲ್ಲದ ಆ ಮನೆಯಲ್ಲಿ ಕಾರು ನಿಲ್ಲಿಸುವ ಜಾಗದ ತುಂಬ ಕೂತಿದ್ದದ್ದು ಆ ಟ್ರಂಕು. ಒಳಗೆಲ್ಲ ಚಪ್ಪಲಿ, ಬೂಟು. ಎತ್ತರ ಹಿಮ್ಮಡಿಯವು, ಪೊಲೀಸರು ಹಾಕುವಂಥವು, ಮಕ್ಕಳ ಸ್ಕೂಲ್ ಶೂ, ಒಂದು ಜೊತೆ ಮರದ ಹಾವುಗೆ. ಎಲ್ಲದರ ಕೆಳಗೆ, ದಿನಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ್ದ ಒಂದು ಪೊಟ್ಟಣ. ಬಿಚ್ಚಿ ನೋಡಿದರೆ ನನ್ನ ಚಪ್ಪಲಿ!

ಹೌದು, ನನ್ನವೇ. ಗದಗಿನ ಬಜಾರದಲ್ಲಿ ಅವ್ವ ಕೊಡಿಸಿದ ಚರ್ಮದ ಚಪ್ಪಲಿ. ಬಲಗಾಲಿನ ಹೆಬ್ಬೆರಳು ತೂರಿಸುವ ಉಂಗುಟ ಅವತ್ತಿನಂತೆಯೇ ಸಡಿಲವಾಗಿತ್ತು. ಕೆಲವು ವರ್ಷಗಳ ಹಿಂದೆ ಅದೇ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದಾಗ ಬಾಗಿಲ ಮುಂದಿನಿಂದ ಅವು ಮಾಯವಾಗಿದ್ದವು. ಬೀದಿ ನಾಯಿಯದೇ ಕೆಲಸ ಎಂದು ತೀರ್ಮಾನಿಸಿದ್ದೆ. ಆ ಪಾಪದ ನಾಯಿಗೆ ಸುಮಾರು ದಿನ ಬಿಸ್ಕತ್ತೂ ಹಾಕಿರಲಿಲ್ಲ. ಆಗ ನನ್ನ ಪಕ್ಕದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ನಾಯಿಯನ್ನು ನನಗಿಂತ ಜೋರಾಗಿ ಬೈದವರು ನಮ್ಮ ಓನರ್ ಆಂಟಿ.

ಕಳ್ಳಿ! ಸಿಕ್ಕಿಬಿದ್ದಿರಿ ಆಂಟಿ, ಕೊನೆಗೂ ಸಿಕ್ಕಿಬಿದ್ದಿರಿ ಎಂದು ಹೇಳೋಣವೆಂದರೆ ಹೇಳಿಸಿಕೊಳ್ಳಲು ಅವರಿಲ್ಲ. ಹೋಗಿ ವರ್ಷವಾಯಿತು...

ಓನರ್ ಆಂಟಿಯ ಕಿವಿಗೆ ಹೆದರದ ಬಾಡಿಗೆದಾರರು ಆ ಮನೆಯಲ್ಲಿ ಇರಲಿಲ್ಲ. ಮೇಲಿನ ಮನೆಯವರು ಕುರ್ಚಿ ಎಳೆದರೆ ಕೆಳಗಿನಿಂದ, "ಎತ್ತಿಡ್ರೀ, ಎಳೀಬೇಡಿ" ಎಂದು ಕೂಗು ಬರುತ್ತಿತ್ತು. ಯಾರ ಮನೆಯ ಕುಕ್ಕರಿನ ವಾಷರ್ ಹೋಗಿದೆ, ಯಾರ ಸ್ಕೂಟರಿಗೆ ಆಯಿಲ್ ಬೇಕು ಎಲ್ಲ ಅವರಿಗೆ ಗೊತ್ತು. ಮಹಡಿಗೆ ಹೋಗುವ ಮೆಟ್ಟಿಲು ಅವರ ಮುಂಬಾಗಿಲ ಪಕ್ಕದಲ್ಲೇ ಶುರುವಾಗುತ್ತಿತ್ತು. ಹತ್ತುವವರು ಯಾರೆಂದು ಅವರು ಎದ್ದು ನೋಡಿದ್ದು ನಾನಂತೂ ಕಾಣೆ. ಮುಚ್ಚಿದ ಬಾಗಿಲ ಹಿಂದಿನಿಂದಲೇ, "ಇವತ್ತು ಬಸ್ಸಲ್ಲಿ ಸೀಟ್ ಸಿಗ್ಲಿಲ್ವೇನೇ?" ಎಂದು ಕೇಳುತ್ತಿದ್ದರು. ನಿಜವಾಗಿಯೂ ಸಿಕ್ಕಿರುತ್ತಿರಲಿಲ್ಲ. ಆಮೇಲೆ ಬಾಗಿಲು ತೆರೆದು, ಮಿಕ್ಕಿದ್ದು ಎಂದು ಗದರುತ್ತ ಒಂದು ಲೋಟ ಕಾಫಿ ಕೈಗಿಡುತ್ತಿದ್ದರು.

ದೇವರ ತಮಾಷೆ ಎಂದರೆ ಅಂಕಲ್‌ಗೆ ಕಿವಿ ಕೇಳುತ್ತಿರಲಿಲ್ಲ. ಆಯಸ್ಸೆಲ್ಲ ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರದ ಮುಂದೆ ನಿಂತವರು. ಹಿಯರಿಂಗ್ ಏಡ್ ಇತ್ತು, ಅದು ಕಿವಿಗಿಂತ ಹೆಚ್ಚಾಗಿ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಆ ಮನೆಯ ಕಾಲಿಂಗ್ ಬೆಲ್ ಒತ್ತಿದರೆ ಸದ್ದಾಗುವುದರ ಜೊತೆಗೆ ಹಾಲಿನಲ್ಲಿ ಒಂದು ಕೆಂಪು ಬಲ್ಬೂ ಹತ್ತಿಕೊಳ್ಳುತ್ತಿತ್ತು. ಸದ್ದು ಆಂಟಿಗೆ, ಬಲ್ಬು ಅಂಕಲ್‌ಗೆ. ಇಬ್ಬರೂ ಒಟ್ಟಿಗೆ ಟೀವಿ ನೋಡುವುದನ್ನು ಕಿಟಕಿಯಿಂದ ಕಂಡಿದ್ದೇನೆ. ವಾಲ್ಯೂಮ್ ಸೊನ್ನೆ! ಆಂಟಿಗೆ ಟೀವಿಯ ಸದ್ದು ತಡೆಯಲಾಗದು, ಅಂಕಲ್‌ಗೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ನನ್ನ ಮೇಲೆ ಅವರಿಗೆ ಒಂದು ಖಾಯಂ ದೂರಿತ್ತು. ಮೆಟ್ಟಿಲು ಹತ್ತುವ ಮುಂಚೆ ಕೆಳಗಿನ ಮೆಟ್ಟಿಲಿಗೆ ಅಂಗಾಲನ್ನು ಎರಡು ಸಲ ಉಜ್ಜುವುದು ನನ್ನ ಅಭ್ಯಾಸ. ಚಪ್ಪಲಿ ಒಣಗಿರಲಿ, ಬೀದಿ ಗುಡಿಸಿರಲಿ, ಉಜ್ಜಲೇಬೇಕು.

"ಕೆಸರೇ ಇಲ್ದಿರೋ ಊರಲ್ಲಿ ಏನ್ ಒರೆಸ್ತೀಯೇ? ನನ್ನ ಮೆಟ್ಲು ಸವೆದುಹೋಗುತ್ತೆ" ಎಂದು ಒಂದು ದಿನ ಬಾಗಿಲು ತೆಗೆದೇ ಕೇಳಿದರು.

"ನಮ್ಮ ಕಡೆ ಎರಿಮಣ್ಣ ರೀ ಆಂಟಿ. ಒಮ್ಮೆ ಕಾಲಿಗೆ ಹತ್ತಿತಂದ್ರ ಬಿಡಂಗಿಲ್ಲ. ಒರಸದ ಒಳಗ ಹೋದ್ರ ಅವ್ವ ಬೈತಾಳ" ಎಂದೆ.

"ಅವ್ವ ಗದಗದಲ್ಲಿದಾರೆ, ಮೆಟ್ಲು ನಂದು" ಎಂದು ಬಾಗಿಲು ಹಾಕಿಕೊಂಡರು. ಮಾರನೆಯ ದಿನವೂ ನಾನು ಉಜ್ಜಿದೆ. ಕಾಲು ಕೇಳಬೇಕಲ್ಲ.

ಆ ಕಾಲಕ್ಕೆ ನಾನು ಒಂದು ಸಿನಿಮಾದ ಸಹ ನಿರ್ದೇಶಕಿ. ಹೆಸರಿಗೆ ಸಹ ನಿರ್ದೇಶಕಿ, ಕೆಲಸ ಮಾತ್ರ ಯಾವ ದಿನ ಎಲ್ಲಿ ಯಾವ ದೃಶ್ಯ, ಯಾರು ಎಷ್ಟು ಹೊತ್ತಿಗೆ ಬರಬೇಕು, ಹಸು ಯಾರ ಮನೆಯದು, ಹಸುವಿನ ಜೊತೆ ಕರು ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವುದು. ನಿರ್ದೇಶಕ ಯಲಹಂಕದ ಹುಡುಗ, ಅವನಿಗೂ ಅದು ಮೊದಲ ಚಿತ್ರ. ಮಾತಿಗೆ ಮಾತು ಬೆಳೆದು ಮನೆ ಬಿಟ್ಟು ಹೋದ ಮಗಳೊಬ್ಬಳು ವರ್ಷಗಳ ಮೇಲೆ ತಿರುಗಿ ಬರುವ ಕಥೆ. ಅಷ್ಟರಲ್ಲಿ ತಾಯಿಯ ಕಣ್ಣು ಹೋಗಿರುತ್ತದೆ. ಕೊನೆಯ ದೃಶ್ಯದಲ್ಲಿ ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಳೆ, ಹಿಂದೆ ಮುಚ್ಚಿದ ಬಾಗಿಲು. ಹೊರಗಿನಿಂದ ಹೆಜ್ಜೆಯ ಸದ್ದು. ತಾಯಿಯ ಕೈ ನಿಲ್ಲುತ್ತದೆ, ಮಗಳ ಹೆಸರು ಹಿಡಿದು ಕೂಗುತ್ತಾಳೆ. ಅಲ್ಲಿಯವರೆಗೆ ಒಂದು ಮಾತೂ ಇಲ್ಲ. ಇಡೀ ಚಿತ್ರ ನಿಂತಿದ್ದು ಆ ಹೆಜ್ಜೆಯ ಸದ್ದಿನ ಮೇಲೆ.

ಹೆಜ್ಜೆಯ ಸದ್ದಿನ ಮೇಲೆ ನಿಂತ ಚಿತ್ರವನ್ನು ನಾವು ಚಿತ್ರೀಕರಿಸಿದ್ದು ಎಲ್ಲಿ ಗೊತ್ತೇ? ಚಿಕ್ಕಜಾಲದ ಪಕ್ಕದ ಒಂದು ಹಳ್ಳಿಯಲ್ಲಿ. ವಿಮಾನಗಳ ಹೊಟ್ಟೆಯ ಕೆಳಗೆ!

ಹಳೇ ಕಾಲದ ಮಣ್ಣಿನ ಗೋಡೆಯ ಮನೆ, ಮುಂದೆ ಹುಣಸೆಮರ, ಬೆಳಗಿನ ಹೊತ್ತು ಅಂಗಳಕ್ಕೆ ಓರೆಯಾಗಿ ಬೀಳುವ ಬಿಸಿಲು. ಎಲ್ಲರೂ ಮರುಳಾದೆವು. ಬೆಳಗಿನ ಬಿಸಿಲು, ಸಂಜೆಯ ಬಿಸಿಲು ಎರಡನ್ನೂ ಹಿಡಿಯುವ ಹಾಗೆ ಇಡೀ ಶೆಡ್ಯೂಲ್ ಆಯಿತು. ವಿಮಾನಗಳಿಗೂ ಅದೇ ಎರಡು ಹೊತ್ತು ಪ್ರೀತಿ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಸಿನಿಮಾದವರ ನಾಲಗೆಯ ಮೇಲೆ ಒಂದು ಮಾತು ಸದಾ ಸಿದ್ಧವಿರುತ್ತದೆ. ತಲೆಯ ಮೇಲೆ ಏನೇ ಗುಡುಗಲಿ, ನಿರ್ದೇಶಕ ಕೈಯೆತ್ತಿ, "ಡಬ್ಬಿಂಗಲ್ಲಿ ನೋಡ್ಕೊಳ್ಳೋಣ ಗುರು" ಎನ್ನುತ್ತಿದ್ದ. ಕ್ಯಾಮೆರಾದವನೂ ಅದನ್ನೇ ಅಂದ, ನಾನೂ ಅಂದೆ. ಜಗಲಿಯ ಮೇಲೆ ಕೂತ ಆ ಊರಿನ ಅಜ್ಜನೊಬ್ಬ ಮಾತ್ರ, "ಈ ಇಮಾನ ಎಲ್ಲಾನೂ ನಿಮ್ಮ ಸಿನಿಮಾದಾಗೆ ಇಡೀತೀರಾ?" ಎಂದು ಮುಗ್ಧವಾಗಿ ಕೇಳಿದ.

ಡಬ್ಬಿಂಗ್‌ನಲ್ಲಿ ನೋಡಿಕೊಂಡೆವು. ಮಾತುಗಳೆಲ್ಲ ಚೊಕ್ಕವಾಗಿ ಬಂದವು. ಆದರೆ ಮಾತಿನ ಹಿಂದೆ ಮನೆ ಇರಲಿಲ್ಲ. ಬಾಗಿಲು ತೆಗೆದರೆ ಕಿರ್ರೆನ್ನುವುದಿಲ್ಲ, ಕೊಡ ಇಟ್ಟರೆ ನೆಲಕ್ಕೆ ತಾಗುವುದಿಲ್ಲ, ಮಗಳು ನಡೆದರೆ ಗಾಳಿಯಲ್ಲಿ ತೇಲಿದ ಹಾಗೆ. ಆ ಸದ್ದುಗಳೆಲ್ಲ ವಿಮಾನದ ಜೊತೆ ಹಾರಿಹೋಗಿದ್ದವು. ಕಂಪ್ಯೂಟರಿನಲ್ಲಿ ಸಿಗುವ ರೆಡಿಮೇಡ್ ಸದ್ದುಗಳನ್ನು ತಂದು ಅಂಟಿಸಿದೆವು. ಸಗಣಿ ಸಾರಿಸಿದ ನೆಲದ ಮೇಲೆ ನಮ್ಮ ನಾಯಕಿ ಯಾವುದೋ ಹೋಟೆಲಿನ ಮರದ ನೆಲದ ಮೇಲೆ ನಡೆದ ಹಾಗೆ ಟಕಟಕ ನಡೆದಳು.

ಅದನ್ನು ನಿರ್ಮಾಪಕರಿಗೆ ತೋರಿಸಿದೆವು. ಹೆಬ್ಬಾಳದಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಮನುಷ್ಯ, ಒಳ್ಳೆಯವರೇ. "ಇದನ್ನ ಥಿಯೇಟರಿಗೆ ಹಾಕಿದ್ರೆ ಜನ ನನ್ನನ್ನ ಹುಡುಕ್ಕೊಂಡು ಬರ್ತಾರೆ ಕಣ್ರಪ್ಪ" ಎಂದರು. ಆಮೇಲೆ ಒಂದು ಅವಕಾಶ ಕೊಟ್ಟರು. ಆಷಾಢ ಕಳೆಯುವುದರೊಳಗೆ ಸರಿ ಮಾಡಿ. ಯಲಹಂಕದ ಥಿಯೇಟರಿನಲ್ಲಿ ಒಂದು ಬೆಳಗಿನ ಆಟ ಇಡಿಸುತ್ತೇನೆ, ಸಿನಿಮಾದವರು ಬೇಡ, ನಮ್ಮ ಕಲ್ಲಿನ ಕೆಲಸದವರ ಮನೆಮಂದಿಯನ್ನು ಕರೆಸುತ್ತೇನೆ. ಅವರು ಕೊನೆಯವರೆಗೆ ಕೂತರೆ ಬಿಡುಗಡೆ, ಇಲ್ಲದಿದ್ದರೆ ಡಬ್ಬಿಗೆ ಹೋಗಲಿ ಎಂದರು. ನಾನು ಮನೆಗೆ ಬಂದು ಅತ್ತೆ. ಮೂರು ವರ್ಷದ ದುಡಿಮೆ ಹೀಗೆ ಹೋಗುವುದೆಂದರೆ ಯಾರಿಗೆ ಅಳು ಬರುವುದಿಲ್ಲ?

ಮಾರನೆಯ ದಿನ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಅದೇ ದೃಶ್ಯಗಳನ್ನು ಹಾಕಿಕೊಂಡು ಕೂತಿದ್ದೆ. ಬಾಗಿಲು ಬಡಿದ ಸದ್ದು. ಓನರ್ ಆಂಟಿ.

"ಯಾರೇ ಅವಳು, ಬೆಳಗಿನಿಂದ ಕುದುರೆ ಥರ ನಡೀತಿದಾಳೆ? ಮೈ ಬಡಕಲು ಇರ್ಬೇಕು, ಧ್ವನಿ ಹಾಗಿದೆ. ಕಾಲು ಮಾತ್ರ ಯಾವಳದ್ದೋ!"

ತಪ್ಪಾಯಿತು ಆಂಟಿ, ಸದ್ದು ಕಡಿಮೆ ಮಾಡುತ್ತೇನೆ ಎಂದೆ. ಅವರು ಹೋಗಲಿಲ್ಲ. ಒಳಗೆ ಬಂದು ಕೂತರು, ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಟ್ರಂಕಿನ ಮೇಲಿದ್ದ ಹೊದಿಕೆ ಎಳೆದರು. ನಾನು ಅದರಲ್ಲಿ ಹಳೇ ಪಾತ್ರೆ ಇದೆ ಎಂದುಕೊಂಡಿದ್ದೆ!

"ಒಂದು ಕಾಲದಲ್ಲಿ ಗಾಂಧಿನಗರದ ನಾಯಕಿಯರು ಡ್ಯಾನ್ಸ್ ಮಾಡೋಕೆ ಮಾತ್ರ ಸ್ವಂತ ಕಾಲು ಇಟ್ಕೊಂಡಿದ್ರು. ನಡೆಯೋಕೆ ನನ್ನ ಕಾಲು" ಎಂದರು. ವಿನಯ ಎನ್ನುವುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ, ಅದೇ ನನಗೆ ಅವರಲ್ಲಿ ಇಷ್ಟವಾಗುತ್ತಿದ್ದದ್ದು. ಪರದೆಯ ಮೇಲೆ ಚಿತ್ರ ಓಡುತ್ತಿದ್ದರೆ, ಮೈಕಿನ ಮುಂದೆ ನಿಂತು ಅದಕ್ಕೆ ಸರಿಯಾಗಿ ಹೆಜ್ಜೆ ಹಾಕುವುದು, ಬಳೆ ಅಲ್ಲಾಡಿಸುವುದು, ಪಾತ್ರೆ ಇಡುವುದು ಅವರ ಕಸುಬಾಗಿತ್ತು. ಸದ್ದುಗಳೆಲ್ಲ ಕಂಪ್ಯೂಟರಿನೊಳಗೆ ಸಿಗತೊಡಗಿದ ಮೇಲೆ ಕರೆಯುವವರು ನಿಂತರು. ಯಾವ ಚಿತ್ರದ ಟೈಟಲಿನಲ್ಲೂ ಅವರ ಹೆಸರು ಬಂದಿರಲಿಲ್ಲ. ನಮ್ಮ ಚಿತ್ರಕ್ಕೆ ಮಾಡಿಕೊಡಿ ಎಂದು ಕೇಳಿಕೊಂಡಾಗ ಹಾಕಿದ ಮೊದಲ ಷರತ್ತೇ ಅದು. "ನನ್ನ ಹೆಸರು ಬರ್ಬೇಕು. ಗುಂಪಲ್ಲಿ ಬೇಡ. ಪರದೆ ತುಂಬಾ ನಾನೊಬ್ಳೇ."

ನಿರ್ದೇಶಕ ಒಪ್ಪಿದ. ಅವನು ಆ ಹೊತ್ತಿನಲ್ಲಿ ಏನಕ್ಕೆ ಬೇಕಾದರೂ ಒಪ್ಪುತ್ತಿದ್ದ.

ಯಶವಂತಪುರದಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಆಂಟಿ ಆಟೋದಲ್ಲಿ ಬರುತ್ತಿದ್ದರು, ದಾರಿಯಲ್ಲಿ ಮಾರ್ಕೆಟ್ ಯಾರ್ಡಿಗೆ ಒಂದು ಸುತ್ತು. ವ್ಯಾಪಾರಿಗಳು ಬಿಸಾಡಿದ ಈರುಳ್ಳಿ ಸಿಪ್ಪೆ ಚೀಲದ ತುಂಬ ತುಂಬಿಸಿಕೊಳ್ಳುತ್ತಿದ್ದರು. ಅದನ್ನು ತುಳಿದರೆ ಹುಣಸೆಮರದ ಕೆಳಗಿನ ಒಣ ಎಲೆಯ ಸದ್ದು. ಹರಿದ ಛತ್ರಿಯನ್ನು ಪಟಪಟ ಬಿಚ್ಚಿ ಮುಚ್ಚಿದರೆ ಕೋಳಿ ಹಾರಿತು. ಸಗಣಿ ನೆಲಕ್ಕೆ ಮಾತ್ರ ಯಾವ ಉಪಾಯವೂ ಒಗ್ಗದೆ, ಚಿಕ್ಕಜಾಲದ ಅದೇ ಅಂಗಳದ ಮಣ್ಣನ್ನು ಮೂಟೆಯಲ್ಲಿ ತರಿಸಿ, ಸ್ಟುಡಿಯೋದ ಮೂಲೆಯಲ್ಲಿ ಹಾಸಿ, ಕೈಯಾರೆ ಸಾರಿಸಿದರು. ಏ.ಸಿ. ಸ್ಟುಡಿಯೋದಲ್ಲಿ ಸಗಣಿ! ಕೆಳಗಿನ ಅಂಗಡಿಯವನು ಬಂದು ಮೂಗು ಮುಚ್ಚಿಕೊಂಡು ನೋಡಿ ಹೋದ.

ಇನ್ನೊಂದು ಶಿಸ್ತಿತ್ತು. ಖಾಲಿ ಹೊಟ್ಟೆಯಲ್ಲಿ ಯಾರೂ ಒಳಗೆ ಬರುವಂತಿಲ್ಲ. ಹೊಟ್ಟೆ ಗುರ್ ಎಂದರೆ ಮೈಕು ಕೇಳಿಸಿಕೊಳ್ಳುತ್ತದೆ ಎಂದು ಡಬ್ಬಿಯಲ್ಲಿ ಮುದ್ದೆ, ಬಸ್ಸಾರು ತಂದು, ಸೌಂಡ್ ಇಂಜಿನಿಯರ್‌ಗೂ ನಿರ್ದೇಶಕನಿಗೂ ಬಡಿಸಿ, ತಿಂದದ್ದು ಖಚಿತವಾದ ಮೇಲೆ ಕೆಲಸ. ಅವರು ಉಡುತ್ತಿದ್ದದ್ದು ಗಂಜಿ ಹಾಕದ, ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ. ಗಂಜಿ ಸೀರೆ ಮಾತಾಡುತ್ತದಂತೆ. ಬಳೆಗಳನ್ನು ತೆಗೆಯುವುದಿಲ್ಲ ಎಂದು ಹಟ, ಹಾಗಾಗಿ ಮುಂಗೈಗೆ ಕರ್ಚೀಫು ಸುತ್ತಿಕೊಳ್ಳುತ್ತಿದ್ದರು.

ಎಲ್ಲ ಸಲೀಸಾಗಿ ಆಯಿತು ಎಂದುಕೊಳ್ಳಬೇಡಿ. ಮೊದಲ ದಿನಗಳಲ್ಲಿ ಆಂಟಿ ಸೋತರು. ಅವರು ಕಲಿತದ್ದು ಹಳೇ ಮೈಕುಗಳ ಕಾಲದಲ್ಲಿ. ಧಡ್ ಧಡ್ ಎಂದು ಜೋರಾಗಿ ಹೆಜ್ಜೆ ಹಾಕಿದರು, ಕೇಳಿದರೆ ಹಳೇ ನಾಟಕದ ಹಾಗಿತ್ತು. ಇಂಜಿನಿಯರ್ ಮೆದುವಾಗಿ, "ಆಂಟಿ, ಇವಾಗಿನ ಮೈಕು ಉಸಿರೂ ಹಿಡಿಯುತ್ತೆ. ಇಷ್ಟು ಬೇಡ" ಎಂದ. ಆಂಟಿಯ ಮುಖ ಸಣ್ಣದಾಯಿತು. ಆಟೋದಲ್ಲಿ ಮನೆಗೆ ವಾಪಸ್ಸಾದೆವು. ಇಳಿಯುವಾಗ, "ನಂಗೆ ವಯಸ್ಸಾಯ್ತು ಅಂತ ಹೇಳೋಕೆ ಅವನಿಗೆ ಭಯ" ಎಂದರು. ಇನ್ನು ಬರುವುದಿಲ್ಲ ಎನ್ನುತ್ತಾರೇನೋ ಎಂದು ಹೆದರಿದೆ. ಮಾರನೆಯ ಬೆಳಿಗ್ಗೆ ನನಗಿಂತ ಮೊದಲು ಗೇಟಿನಲ್ಲಿ ನಿಂತಿದ್ದರು. ಆ ಇಂಜಿನಿಯರ್ ಹತ್ತಿರ ಹೆಡ್‌ಫೋನ್ ಇಸಿದುಕೊಂಡು ತಮ್ಮ ಹೆಜ್ಜೆಯನ್ನು ತಾವೇ ಕೇಳಿ ಕೇಳಿ, ಕಾಲಿನ ಭಾರ ಇಳಿಸಿಕೊಳ್ಳುತ್ತ ಹೋದರು. ಬೈಯುತ್ತಲೇ ಕಲಿತರು.

ಆದರೆ ಮಗಳ ಹೆಜ್ಜೆ ಸಿಗಲಿಲ್ಲ.

ಅದರ ಬಗ್ಗೆ ಆಂಟಿ ಹೇಳಿದ ಮಾತನ್ನು ನಾನು ಇವತ್ತಿಗೂ ಪ್ರತಿ ಚಿತ್ರದ ಮೊದಲ ದಿನ ನೆನಪು ಮಾಡಿಕೊಳ್ಳುತ್ತೇನೆ. "ತಾಯಿ ಗುರುತು ಹಿಡೀತಾಳೆ ಅಂತ ನೀವು ಕಥೇಲಿ ಬರೆದಿದೀರ, ಹಿಡಿದೇ ಹಿಡೀತಾಳೆ. ಅದು ದೊಡ್ಡದಲ್ಲ ಕಣೇ. ಕೂತು ನೋಡ್ತಾರಲ್ಲ, ಅವರು ಹಿಡೀಬೇಕು. ತಾಯಿಗಿಂತ ಒಂದು ಗಳಿಗೆ ಮುಂಚೆ."

ಹಾಗಾಗಬೇಕಾದರೆ ಮಗಳಿಗೆ ಅವಳದೇ ಒಂದು ನಡಿಗೆ ಬೇಕು, ಅದು ಚಿತ್ರದ ಮೊದಲಿನಿಂದಲೂ ಬರಬೇಕು. ಅವಳು ನೀರು ತಂದಾಗ, ಸ್ಕೂಲಿಂದ ಬಂದಾಗ, ಜಗಳ ಆಡಿ ಹೊರಟಾಗ, ಜನಕ್ಕೆ ಗೊತ್ತಾಗದ ಹಾಗೆ ಕಿವಿಯೊಳಗೆ ಕೂರಬೇಕು. ಆಂಟಿ ನನ್ನನ್ನು ಕೂರಿಸಿಕೊಂಡು ಚಿತ್ರದ ಉದ್ದಕ್ಕೂ ಎಲ್ಲೆಲ್ಲಿ ಆ ಹೆಜ್ಜೆ ಕೇಳಬೇಕು, ಎಲ್ಲಿ ಕೇಳಬಾರದು ಎಂದು ಯೋಜನೆ ಹಾಕಿಸಿದರು. ನಾನು ಬಿಸಿಲು ನೋಡಿ ಶೆಡ್ಯೂಲ್ ಮಾಡಿದವಳು, ಕಿವಿ ಇಟ್ಟುಕೊಂಡು ಶೆಡ್ಯೂಲ್ ಮಾಡಿದ್ದು ಅದೇ ಮೊದಲು. ಎಲ್ಲ ಸಿದ್ಧವಾಯಿತು, ಹೆಜ್ಜೆಯೊಂದು ಬಿಟ್ಟು. ಟ್ರಂಕಿನ ಒಂದೊಂದೇ ಚಪ್ಪಲಿ ಹಾಕಿಕೊಂಡು ನಡೆಯುತ್ತಾರೆ, "ಇದು ಟೀಚರ್ರು", "ಇದು ಕಳ್ಳಿ", "ಇವಳು ಮನೆ ಬಿಟ್ಟು ಹೋಗೋಳಲ್ಲ, ಮನೇನೇ ಮಾರೋಳು" ಎಂದು ಕಿತ್ತು ಎಸೆಯುತ್ತಾರೆ. ಆಷಾಢ ಕಳೆಯುತ್ತ ಬಂತು. ನಿರ್ಮಾಪಕರ ಫೋನು ಬಂದರೆ ನಿರ್ದೇಶಕ ನನ್ನ ಕೈಗೆ ಕೊಡತೊಡಗಿದ.

ನನ್ನ ಚಪ್ಪಲಿ ಕಳೆದದ್ದು ಆ ವಾರವೇ. ನಾಯಿಯನ್ನು ಬೈದು, ಯಶವಂತಪುರದಲ್ಲಿ ಒಂದು ಜೊತೆ ಪ್ಲಾಸ್ಟಿಕ್ ಚಪ್ಪಲಿ ಕೊಂಡೆ.

ಮರುದಿನ ಸ್ಟುಡಿಯೋದಲ್ಲಿ ಆಂಟಿ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ನೀನಿದ್ರೆ ಆಗಲ್ಲ, ಹೋಗಿ ಈರುಳ್ಳಿ ಸಿಪ್ಪೆ ತಗೊಂಬಾ" ಎಂದರು. ಸಿಪ್ಪೆ ಬೇಕಾದಷ್ಟಿತ್ತು. ಸಹ ನಿರ್ದೇಶಕಿಯನ್ನು ಹೀಗೆ ಅಟ್ಟುವುದೇ ಎಂದು ಉರಿದುಕೊಂಡೇ ಮಾರ್ಕೆಟ್ಟಿಗೆ ಹೋದೆ. ವಾಪಸ್ಸು ಬರುವಷ್ಟರಲ್ಲಿ ಎಲ್ಲರ ಮುಖವೂ ಬದಲಾಗಿತ್ತು. ನಿರ್ದೇಶಕ ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. "ಸಿಕ್ಕಿದ್ಲು ಗುರು, ಹುಡುಗಿ ಸಿಕ್ಕಿದ್ಲು" ಎಂದ. ನನಗೂ ಕೇಳಿಸಿದರು. ಪಟ್... ಸರ್ರ್. ಪಟ್... ಸರ್ರ್. ಒಂದು ಕಾಲು ದೃಢ, ಇನ್ನೊಂದು ಚೂರು ಎಳೆದುಕೊಂಡು. ಬಾಗಿಲ ಹತ್ತಿರ ಬಂದು ಹೊಸ್ತಿಲಿಗೆ ಅಂಗಾಲು ಎರಡು ಸಲ ಉಜ್ಜುತ್ತಾಳೆ. ಆಮೇಲೆ ಮೌನ.

ನಾನು ತಲೆಯಾಡಿಸಿ, ದೊಡ್ಡ ವಿಮರ್ಶಕಿಯ ಹಾಗೆ, "ಚಲೋ ಐತಿ ಆಂಟಿ. ಆದ್ರ ಹುಡುಗಿ ಸ್ವಲ್ಪ ಜಾಸ್ತೀನ ಕಾಲ ಎಳೀತಾಳ, ಮೈಗಳ್ಳಿ ಇದ್ದಂಗ" ಎಂದೆ.

ಆಂಟಿ ಸೆರಗು ಬಾಯಿಗಿಟ್ಟುಕೊಂಡು ಬಗ್ಗಿಬಿಟ್ಟರು. ಇಂಜಿನಿಯರ್‌ಗೆ ಎಲ್ಲಿಲ್ಲದ ಕೆಮ್ಮು ಬಂತು. ಅಷ್ಟು ನಗುವಂಥದ್ದು ಏನು ಹೇಳಿದೆ ಎಂದು ನನಗೆ ಅರ್ಥವಾಗಲಿಲ್ಲ. ನಾವು ನಮ್ಮ ಮುಖವನ್ನಾದರೂ ಕನ್ನಡಿಯಲ್ಲಿ ನೋಡಿಕೊಳ್ಳುತ್ತೇವೆ, ನಮ್ಮ ನಡಿಗೆಯನ್ನು ಕೇಳಿಸಿಕೊಂಡವರು ಯಾರಿದ್ದಾರೆ? ಮಳೆಗಾಲದ ಎರೆಮಣ್ಣು ಒರೆಸುವ ಅಭ್ಯಾಸ ಲೋಕಕ್ಕೆಲ್ಲ ಇದೆ ಎಂದೇ ನಾನು ತಿಳಿದಿದ್ದೆ.

ಯಲಹಂಕದ ಥಿಯೇಟರಿನಲ್ಲಿ ಆ ಬೆಳಗಿನ ಆಟ. ಕಲ್ಲಿನ ಕೆಲಸದವರು, ಅವರ ಹೆಂಡಿರು ಮಕ್ಕಳು, ಅಜ್ಜಿಯರು. ಯಾರೋ ಹುರಿಗಡಲೆ ತಂದಿದ್ದರು, ಯಾರೋ ಹಾಲು ಕುಡಿಯುವ ಕೂಸನ್ನು. ಮೊದಲ ಅರ್ಧ ಗಂಟೆ ಸಭಾಂಗಣದ ತುಂಬ ಮಾತು, ಅಳು, ಪೊಟ್ಟಣದ ಸರಬರ. ಒಂದು ಸಾಲು ಹಿಂದೆ ನಿರ್ಮಾಪಕರು ತೋಳು ಕಟ್ಟಿಕೊಂಡು ಕೂತಿದ್ದರು. ನನ್ನ ಎಡಕ್ಕೆ ಆಂಟಿ, ಅವತ್ತು ಮಾತ್ರ ರೇಷ್ಮೆ ಸೀರೆ, ಚರಚರ ಸದ್ದು ಮಾಡುತ್ತಿತ್ತು. ಅವರ ಪಕ್ಕ ಅಂಕಲ್.

ನಿಧಾನವಾಗಿ ಮಾತು ಕಡಿಮೆಯಾಯಿತು. ಹುರಿಗಡಲೆ ನಿಂತಿತು. ಮಗಳು ಮನೆ ಬಿಟ್ಟು ಹೋದಾಗ ಎಲ್ಲೋ ಒಬ್ಬಾಕೆ, "ಅಯ್ಯೋ ಓಗ್ಬೇಡ್ವೇ" ಎಂದಳು. ಕೊನೆಯ ದೃಶ್ಯ ಬಂತು. ತಾಯಿ, ಮೊರ, ಮುಚ್ಚಿದ ಬಾಗಿಲು. ಬೆರಳ ಸಂದಿಯಿಂದ ಅಕ್ಕಿ ಜಾರುವ ಸದ್ದು. ದೂರದಲ್ಲಿ... ಪಟ್, ಸರ್ರ್. ಒಣ ಎಲೆಯ ಮೇಲೆ. ಪಟ್, ಸರ್ರ್. ಅಂಗಳದ ಮಣ್ಣಿನ ಮೇಲೆ. ತಾಯಿ ಇನ್ನೂ ಅಕ್ಕಿ ಆರಿಸುತ್ತಲೇ ಇದ್ದಾಳೆ, ಅವಳಿಗೆ ಇನ್ನೂ ತಿಳಿದಿಲ್ಲ. ಹೊಸ್ತಿಲಿಗೆ ಅಂಗಾಲು ಒಂದು ಸಲ ಉಜ್ಜಿತು...

"ಬಂದ್ಲು!" ಎಂದು ಕತ್ತಲಲ್ಲಿ ಹೆಂಗಸೊಬ್ಬಳು ಕೂಗಿದಳು. "ಬಂದ್ಲು ಕಣವ್ವೋ, ನಿನ್ನ ಮಗಳು ಬಂದ್ಲು!"

ಎರಡನೆಯ ಸಲ ಉಜ್ಜುವಷ್ಟರಲ್ಲಿ ಇಡೀ ಥಿಯೇಟರು ಎದ್ದಿತ್ತು. ಮಕ್ಕಳು ಸೀಟಿನ ಮೇಲೆ ನಿಂತಿದ್ದವು. ಆಮೇಲೆ ಪರದೆಯ ಮೇಲಿನ ತಾಯಿಯ ಕೈ ನಿಂತಿತು, ಅವಳು ಹೆಸರು ಹಿಡಿದು ಕೂಗಿದ್ದು ಶಿಳ್ಳೆಯಲ್ಲಿ ಕೇಳಿಸಲೇ ಇಲ್ಲ. ಯಾರಿಗೂ ಕೇಳಬೇಕಾಗಿಯೂ ಇರಲಿಲ್ಲ. ನಾನು ಬಾಯಿ ಬಿಟ್ಟು ಅಳುತ್ತಿದ್ದೆ. ಆಂಟಿ ನನ್ನ ಕೈ ಹಿಂಡಿ, "ಒಂದು ಗಳಿಗೆ ಮುಂಚೆ, ಕೇಳಿಸ್ತಾ? ಒಂದು ಗಳಿಗೆ ಮುಂಚೆ" ಎಂದರು. ಹಿಂದಿನ ಸಾಲಿನಿಂದ ನಿರ್ಮಾಪಕರು ಮುಂದೆ ಬಗ್ಗಿ, ಮೂಗು ಸೀಟಿಕೊಂಡು, "ಶ್ರಾವಣದ ಮೊದಲ ಶುಕ್ರವಾರ ರಿಲೀಸ್" ಎಂದಷ್ಟೇ ಹೇಳಿದರು.

ಅಂಕಲ್ ಮಾತ್ರ ಪರದೆಗೆ ಬೆನ್ನು ಮಾಡಿ ನಿಂತಿದ್ದರು. ಕೇಳದ ಮನುಷ್ಯ, ಹೆಂಡತಿ ಏನು ಮಾಡಿದಳು ಎಂದು ಜನರ ಮುಖದಲ್ಲಿ ನೋಡುತ್ತಿದ್ದರು. ಆಮೇಲೆ ಹೆಸರುಗಳು ಬಂದವು. 'ಹೆಜ್ಜೆ ಮತ್ತು ಸಕಲ ಸದ್ದು' ಎಂದು ಬರೆದು, ಅದರ ಕೆಳಗೆ ಪರದೆಯ ಈ ತುದಿಯಿಂದ ಆ ತುದಿಗೆ ಆಂಟಿಯ ಹೆಸರು, ಒಂದೇ ಹೆಸರು. ಅಂಕಲ್‌ನ ಭುಜ ಹಿಡಿದು ತಿರುಗಿಸಿದೆ. ಓದಿಕೊಂಡರು. ಜೇಬಿನಿಂದ ಹಿಯರಿಂಗ್ ಏಡ್ ತೆಗೆದು ಕಿವಿಗೆ ಹಾಕಿಕೊಂಡು, ಚಪ್ಪಾಳೆ ಮುಗಿಯುವವರೆಗೂ ನಿಂತೇ ಕೇಳಿದರು.

ಸಿನಿಮಾ ಓಡಿತು. ಚೆನ್ನಾಗಿಯೇ ಓಡಿತು. ಆಂಟಿ ತರಕಾರಿಯವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರಿಗೂ ಹೇಳಿಕೊಂಡರು. ಬಸ್ ಸ್ಟಾಪಿನಲ್ಲಿ ಪೋಸ್ಟರ್ ಕಂಡರೆ ನಾಯಕಿಯ ಕಾಲು ತೋರಿಸಿ, "ಇದು ನಾನು" ಎನ್ನುತ್ತಿದ್ದರು. ಆಮೇಲೆ ಮೂರು ಚಿತ್ರಗಳಿಗೆ ಕೆಲಸ ಮಾಡಿದರು, ಪ್ರತಿ ಸಲವೂ ಪರದೆ ತುಂಬ ಹೆಸರು. ನಾನು ಯಲಹಂಕಕ್ಕೆ ಮನೆ ಬದಲಾಯಿಸಿದೆ. ಹೋಗಿ ಬರುತ್ತಿದ್ದೆ, ಆಮೇಲೆ ಬರೀ ಫೋನು, ಆಮೇಲೆ ಅದೂ ಹಬ್ಬಗಳಿಗೆ... ಆಸ್ಪತ್ರೆಗೆ ಹೋದಾಗ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಕಾರಿಡಾರಿನಲ್ಲಿ ನಡೆದು ಬಂದ ನರ್ಸಿನ ಕಡೆ ಕಣ್ಣು ತಿರುಗಿಸಿ, ಮೂಗು ಮುರಿದರು. ಆ ಶೂ ಅವರಿಗೆ ಹಿಡಿಸಿರಲಿಲ್ಲ.

ಈಗ ಆ ಚಪ್ಪಲಿಗಳು ನನ್ನ ಕೈಯಲ್ಲಿದ್ದವು. ಅಂಕಲ್‌ಗೆ ತೋರಿಸಿ, ಇದೇನು ಎಂದು ಕೈಯಲ್ಲೇ ಕೇಳಿದೆ.

"ನಿಂದೇ ಅಲ್ವಾ? ವಾಪಸ್ ಕೊಡ್ಬೇಕು ಅಂತಿದ್ಲು, ನಾಚಿಕೆ ಅವಳಿಗೆ" ಎಂದು ನಕ್ಕರು. "ನಂಗೆ 'ಬಂದ್ಲು' ಅಂತ ಕೂಗಿ ಹೇಳೋದು ಅವಳಿಗೆ ಕಷ್ಟ. ಸಂಜೆ ಒಲೆ ಮೇಲೆ ಹಾಲಿಡೋಳು. ಹಾಲಿಟ್ಲು ಅಂದ್ರೆ ನೀನು ಗೇಟ್ ದಾಟಿದೀಯ ಅಂತ ನಂಗೆ ಗೊತ್ತಾಗ್ತಿತ್ತು."

ಆ ಮನೆಯಲ್ಲಿದ್ದಷ್ಟು ದಿನವೂ ಸಂಜೆ ಬಾಗಿಲು ತೆರೆದು ಆಂಟಿ ಕೈಗೆ ಇಡುತ್ತಿದ್ದ ಕಾಫಿ... ಮಿಕ್ಕಿದ್ದು, ಚೆಲ್ಲೋ ಬದಲು ಕುಡಿ ಎಂದು ಗದರುತ್ತಿದ್ದ ಕಾಫಿ. ನನಗೆ ತಡೆಯಲಾಗಲಿಲ್ಲ, ಟ್ರಂಕಿನ ಅಂಚು ಹಿಡಿದು ಅತ್ತೆ. ಅವರು ನನ್ನ ನಡಿಗೆಯನ್ನು ಕದ್ದಿರಲಿಲ್ಲ. ದಿನಾ ಸಂಜೆ ಅದಕ್ಕಾಗಿ ಕಾದಿದ್ದರು. ಕಾದವರಿಗೆ ಮಾತ್ರ ಬಾಯಿಪಾಠ ಬರುವಂಥದ್ದನ್ನು ತೆಗೆದುಕೊಂಡು ಹೋಗಿ ಒಂದು ಥಿಯೇಟರಿನ ಜನಕ್ಕೆಲ್ಲ ಕಲಿಸಿಬಿಟ್ಟರು.

ಅಂಕಲ್ ಚಪ್ಪಲಿಗಳನ್ನು ನನ್ನ ಕಾಲ ಬಳಿ ಇಟ್ಟು, "ಹಾಕ್ಕೋ. ಒಂದ್ಸಲ ನಡಿ" ಎಂದರು.

ಚರ್ಮ ಒಣಗಿ ಗಟ್ಟಿಯಾಗಿತ್ತು. ಆದರೂ ಕಾಲು ತೂರಿಸಿದೆ. ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಪಟ್, ಸರ್ರ್. ನನಗೇ ಮೊದಲ ಸಲ ಕೇಳಿಸಿತು. ಕೆಳಗಿನ ಮೆಟ್ಟಿಲಿಗೆ ಅಂಗಾಲು ಎರಡು ಸಲ ಉಜ್ಜಿ ಹತ್ತತೊಡಗಿದೆ. ಮುಚ್ಚಿದ ಬಾಗಿಲ ಹಿಂದಿನಿಂದ ಯಾರೂ ಏನೂ ಕೇಳಲಿಲ್ಲ. ಬಗ್ಗಿ ನೋಡಿದರೆ, ಅಂಕಲ್ ಮೆಟ್ಟಿಲ ಕಬ್ಬಿಣದ ಕಂಬಿಯ ಮೇಲೆ ಅಂಗೈಯೂರಿ, ಕಣ್ಣು ಮುಚ್ಚಿ ನಿಂತಿದ್ದರು. ನಾನು ಒಂದೊಂದು ಮೆಟ್ಟಿಲು ಹತ್ತಿದಂತೆಲ್ಲ ಅವರ ಬೆರಳು ಕಂಬಿಯ ಮೇಲೆ ಸಣ್ಣಗೆ ಎದ್ದು ಕೂರುತ್ತಿತ್ತು.

ಮೇಲಿನ ಮೆಟ್ಟಿಲು ತಲುಪಿ ನಿಂತೆ. ಅಂಕಲ್ ಕಣ್ಣು ತೆರೆದರು. "ಹ್ಞೂಂ, ಬಂದ್ಲು" ಎಂದು ತಮಗೆ ತಾವೇ ಅಂದುಕೊಂಡು, ಹಾಲಿಡಲು ಒಳಗೆ ಹೋದರು.